ಹಿಡಿಂಬನ ಬೂದಿ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಸಮೀಪದ ಕಣಿವೆಯಲ್ಲಿ, ಸುತ್ತಲಿನ ನೆಲದ ಬಣ್ಣಕ್ಕೆ ಹೊಂದದ ದಿಬ್ಬವೊಂದಿದೆ. ಅದು ಮಣ್ಣಿನ ದಿಬ್ಬವಲ್ಲ, ಬೂದಿಯದು. ಮುಟ್ಟಿದರೆ ಬೆರಳಿಗೆ ಹತ್ತುವ ನಯವಾದ ಬೂದಿ. ಅದರ ಪದರಗಳ ನಡುನಡುವೆ, ಕುಲುಮೆಯ ಕಿಟ್ಟದಂತೆ ಕರಗಿ ಮತ್ತೆ ಗಟ್ಟಿಯಾದ, ತೂತುತೂತಾದ, ಅಲ್ಲಲ್ಲಿ ಗಾಜಿನ ಹೊಳಪುಳ್ಳ ಹೆಂಟೆಗಳು. ಯಾವ ಮನೆಯ ಒಲೆಯಿಂದಲೂ, ಯಾವ ಯಜ್ಞಕುಂಡದಿಂದಲೂ ಇಷ್ಟು ಭಸ್ಮ ಒಟ್ಟುಗೂಡಲಾರದೆಂಬುದು ನೋಡಿದೊಡನೆ ಯಾರಿಗಾದರೂ ಹೊಳೆಯುವ ಸಂಗತಿ. ಹಾಗಾದರೆ ಇಲ್ಲಿ ಸುಟ್ಟದ್ದು ಯಾರನ್ನು?

ಈ ಸೀಮೆಯ ಹಿರಿಯರು ಕೊಟ್ಟ ಉತ್ತರ: ಹಿಡಿಂಬಾಸುರನನ್ನು. ಅರಗಿನ ಮನೆಯಿಂದ ಪಾರಾಗಿ ಅರಣ್ಯದಲ್ಲಿ ಅಲೆಯುತ್ತಿದ್ದ ಪಾಂಡವರ ಮೇಲೆ ಎರಗಿಬಂದ ಆ ರಾಕ್ಷಸನನ್ನು ಭೀಮಸೇನ ಕೊಂದ ಮೇಲೆ, ಅವನ ಮಹಾಕಾಯವನ್ನು ದಹಿಸಿದ ಭಸ್ಮವೇ ಈ ದಿಬ್ಬವೆಂಬುದು ಇಲ್ಲಿಯ ನಂಬಿಕೆ. ಹಂಪೆಯ ನೆರೆಯ ನಿಂಬಾಪುರದಲ್ಲಿಯೂ ಇಂಥದೇ ದಿಬ್ಬವುಂಟು. ಅದು ರಾಮಬಾಣದಿಂದ ಮಡಿದ ವಾಲಿಯ ಚಿತಾಭಸ್ಮವಂತೆ.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ವಿದ್ವಾಂಸರೂ ಇದೇ ಪ್ರಶ್ನೆಗೆ ಕೈಹಾಕಿದರು. ಜ್ವಾಲಾಮುಖಿಯ ಶೇಷವೆಂದು ಕೆಲವರು, ಕಬ್ಬಿಣ ಕರಗಿಸಿದ ಜಾಗವೆಂದು ಕೆಲವರು ತರ್ಕಿಸಿದರು. ಇದು ಸುಟ್ಟ ದನದ ಸಗಣಿಯೆಂದು ಕಂಡುಕೊಂಡವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದಾಗ, ಬೇಲಿ ಕಟ್ಟಿದ ಗೂಟಗಳ ಕುಳಿಗಳೂ, ಬೂದಿಯ ಪದರದಲ್ಲಿ ಅಚ್ಚೊತ್ತಿ ಉಳಿದ ಗೊರಸಿನ ಗುರುತುಗಳೂ ಕಾಣಿಸಿಕೊಂಡವು. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ಪಶುಪಾಲಕರು ತಮ್ಮ ದೊಡ್ಡಿಗಳಲ್ಲಿ ಶೇಖರವಾದ ಸಗಣಿಗೆ ಮರಳಿ ಮರಳಿ ಬೆಂಕಿಯಿಡುತ್ತ ಬಂದದ್ದರಿಂದ ಈ ದಿಬ್ಬಗಳು ಬೆಳೆದುವು. ಆ ಬೆಂಕಿ ಕೇವಲ ಶುಚಿತ್ವಕ್ಕಾಗಿ ಹಾಕಿದ್ದಲ್ಲ, ಋತುಋತುವಿನ ಉತ್ಸವದ ಅಂಗವಾಗಿ ಹೊತ್ತಿಸಿದ್ದಿರಬೇಕು ಎಂಬುದು ಆಲ್ಚಿನ್ನರ ಅಭಿಪ್ರಾಯ. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡಿರುವ ಕನ್ನಡಿಗರಿಗೆ ಈ ಊಹೆ ದೂರದ್ದಾಗಿ ತೋರದು.

ಇಷ್ಟು ತಿಳಿದ ಮೇಲೆ ಹಿಡಿಂಬನ ಕಥೆಯನ್ನು ಏನು ಮಾಡಬೇಕು? ಸಗಣಿಯೆಂದು ಸಿದ್ಧವಾದೊಡನೆ ಕಥೆ ಬಿದ್ದುಹೋಯಿತೆಂದು ಹೇಳುವವರುಂಟು. ಅವರ ವಾದ ಋಜುವಾದದ್ದು, ವಸ್ತುವಿನ ಮಟ್ಟಿಗೆ ಅಖಂಡನೀಯವಾದದ್ದು. ಆದರೆ ಪುರಾಣವು ಆ ಬೂದಿಯ ದ್ರವ್ಯವನ್ನು ಕುರಿತು ಹೇಳಿದ್ದಕ್ಕಿಂತ, ಆ ಬೂದಿಗೂ ನಮಗೂ ಇರುವ ನಂಟನ್ನು ಕುರಿತು ಹೇಳಿದ್ದು ಹೆಚ್ಚಿನದೆಂದು ನನ್ನ ದೃಢವಾದ ನಂಬಿಕೆ. ಕಥೆಯನ್ನು ಪೂರ್ತಿಯಾಗಿ ನೆನೆಯಬೇಕು. ಹಿಡಿಂಬ ಸತ್ತಲ್ಲಿಗೆ ಅದು ಮುಗಿಯುವುದಿಲ್ಲ. ಅವನ ತಂಗಿ ಹಿಡಿಂಬೆ, ಅಣ್ಣನನ್ನು ಕೊಂದವನನ್ನೇ ವರಿಸುತ್ತಾಳೆ. ಕುಂತಿ ಅನುಮತಿ ಕೊಡುತ್ತಾಳೆ. ಅವರಿಗೆ ಹುಟ್ಟಿದ ಘಟೋತ್ಕಚ, ಕುರುಕ್ಷೇತ್ರದಲ್ಲಿ ಅರ್ಜುನನಿಗಾಗಿ ಕಾದಿರಿಸಿದ್ದ ಕರ್ಣನ ಶಕ್ತ್ಯಾಯುಧವನ್ನು ತನ್ನ ಮೈಮೇಲೆ ತೆಗೆದುಕೊಂಡು ಪಾಂಡವರನ್ನು ಉಳಿಸಿ ಮಡಿಯುತ್ತಾನೆ. ಎಂದಮೇಲೆ ಕುಡತಿನಿಯಲ್ಲಿ ಬೂದಿಯಾದವನು ಶತ್ರುವಷ್ಟೇ ಅಲ್ಲ, ಪಾಂಡವರ ಮನೆಯ ಹಿರಿಯ ಮಗನಿಗೆ ಸೋದರಮಾವ. ಯಾರೋ ನಮಗಿಂತ ಮೊದಲು ಈ ನೆಲದಲ್ಲಿದ್ದರು, ನಮಗಿಂತ ದೊಡ್ಡದಾದ ಏನನ್ನೋ ಮಾಡಿದರು, ನಾವು ಅವರನ್ನು ಗೆದ್ದು ಬಂದವರೂ ಹೌದು, ಅವರೊಡನೆ ರಕ್ತ ಹಂಚಿಕೊಂಡವರೂ ಹೌದು ಎಂಬ ಅರಿವನ್ನು, ಶಾಸನವಿಲ್ಲದ ಬರಹವಿಲ್ಲದ ಕಾಲದ ಬಗ್ಗೆ, ಇದಕ್ಕಿಂತ ಹೃದ್ಯವಾಗಿ ಹೇಳುವ ಬಗೆ ನನಗೆ ತಿಳಿಯದು. ಪುರಾತತ್ತ್ವವು ಆ ಹಳೆಯ ದನಗಾಹಿಗಳ ಕಾಲವನ್ನು ನಿರ್ಣಯಿಸಿಕೊಟ್ಟಿದೆ; ಅವರು ನಮಗೆ ಏನಾಗಬೇಕೆಂಬುದನ್ನು ಪುರಾಣ ಬಹು ಮುಂಚೆಯೇ ಹೇಳಿತ್ತು.

ಇದು ನಮ್ಮ ದೇಶವೊಂದರ ರೀತಿಯಲ್ಲ. ತೆಗಿಯ ನಗರವನ್ನು ಗೆಲ್ಲಲಾರದೆ ಹೋದ ಸ್ಪಾರ್ಟಾದವರು, ದೈವವಾಣಿಯ ಮಾತಿನಂತೆ, ಅಲ್ಲಿ ಹೂಳಿದ್ದ ವೀರ ಒರೆಸ್ಟಿಸನ ಅಸ್ಥಿಗಳನ್ನು ಹುಡುಕಿ ತಂದರೆಂದು ಹೆರೊಡೋಟಸ್ ಬರೆದಿದ್ದಾನೆ. ಒಬ್ಬ ಕಮ್ಮಾರ ಬಾವಿ ತೋಡುವಾಗ ಸಿಕ್ಕಿದ ಆ ಶವಪೆಟ್ಟಿಗೆ ಏಳು ಮೊಳ ಉದ್ದವಿತ್ತಂತೆ. ನೆಲದಿಂದ ಹೊರಬಿದ್ದ ಅಸಾಮಾನ್ಯವಾದುದನ್ನು ಕಂಡು ಗ್ರೀಕನೂ ಬಳ್ಳಾರಿಯ ರೈತನೂ ಕೇಳಿದ್ದು ಒಂದೇ ಪ್ರಶ್ನೆ. ಇಬ್ಬರೂ ಉತ್ತರವನ್ನು ಹುಡುಕಿದ್ದು ತಮ್ಮ ಮಹಾಕಾವ್ಯದ ಮನೆತನಗಳಲ್ಲಿ.

ಕುರುಗೋಡಿನಲ್ಲಿ ಈ ನಂಟಸ್ತಿಕೆಯ ಮತ್ತೊಂದು ಮುಖವಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಅಲ್ಲಿಂದ ಬಲ್ಲಕುಂದೆನಾಡನ್ನು ಆಳಿದ ಸಿಂದರು ನಾಗವಂಶದವರು. ಸಿಂದಕುಲದ ಉತ್ಪತ್ತಿಯನ್ನು ಭೈರನಮಟ್ಟಿಯ ಶಾಸನ ವರ್ಣಿಸಿದೆ: ಭೂಲೋಕವನ್ನು ನೋಡಲು ಪಾತಾಳದಿಂದ ಬಂದ ನಾಗರಾಜ ಧರಣೇಂದ್ರನಿಗೆ ಅಹಿಚ್ಛತ್ರದಲ್ಲಿ ಹುಟ್ಟಿದ ಶಿಶು ಹುಲಿಯ ಹಾಲಿನಿಂದ ಬೆಳೆಯಿತು. ರೋಮ್ ನಗರವನ್ನು ಕಟ್ಟಿದ ರಾಮ್ಯುಲಸನಿಗೆ ಹಾಲೂಡಿದ್ದು ಹೆಣ್ಣುತೋಳ. ಅಥೆನ್ಸಿನ ಮೊದಲ ದೊರೆ ಕೆಕ್ರೊಪ್ಸನ ಕೆಳಮೈ ಸರ್ಪದ್ದು. ಕಾಂಬೋಡಿಯದ ಅರಸರು ಕೌಂಡಿನ್ಯನೆಂಬ ಬ್ರಾಹ್ಮಣನಿಗೂ ನಾಗಕನ್ಯೆ ಸೋಮೆಗೂ ಹುಟ್ಟಿದ ಸಂತಾನ. ದೊರೆಯಾಗುವವನಿಗೆ ಭುಜಬಲವಷ್ಟೇ ಸಾಲದು, ತಾನು ಆಳುವ ನೆಲದ ಅಡಿಯಲ್ಲಿರುವ ಸರ್ಪವೂ ಕಾಡಿನಲ್ಲಿರುವ ಮೃಗವೂ ಅವನನ್ನು ತಮ್ಮವನೆಂದು ಒಪ್ಪಬೇಕೆಂಬ ಭಾವನೆ ಇವೆಲ್ಲದರ ಬುಡದಲ್ಲಿದೆ. ಅಧಿಕಾರದ ಹಂಬಲವೂ ಇದರಲ್ಲಿ ಬೆರೆತಿದೆಯೆಂಬುದನ್ನು ನಾನು ಮರೆಮಾಚಲಾರೆ. ಕುಲಕಥೆಯನ್ನು ಕೆತ್ತಿಸಿದವರು ಅರಸರು. ಮೇಲಾಗಿ, ನೆರೆಯವನನ್ನು ರಾಕ್ಷಸನೆಂದು ಕರೆದು ಅವನನ್ನು ಕೀಳುಗಳೆಯುವುದಕ್ಕೂ ಇದೇ ಪುರಾಣಗಳನ್ನು ಬಳಸಿದ್ದುಂಟು, ಈಗಲೂ ಬಳಸುವುದುಂಟು. ಹಿಡಿಂಬನ ವಧೆಯನ್ನು ಹೇಳಿ ಹಿಡಿಂಬೆಯ ವಿವಾಹವನ್ನು ನುಂಗಿಬಿಡುವವರು ಕಥೆಗೆ ಅಪಚಾರವೆಸಗುತ್ತಾರೆ.

ಅರಸರ ಪುರಾಣ ಕಲ್ಲಿನಲ್ಲಿ ಉಳಿದರೆ ಒಕ್ಕಲಿಗನದು ಮಣ್ಣಿನಲ್ಲಿ ಉಳಿಯಿತು. ಸಿರುಗುಪ್ಪದ ಸೀಮೆಯ ತೆಕ್ಕಲಕೋಟೆಯಲ್ಲಿ 1963ರಿಂದ 1965ರವರೆಗೆ ಡಾ. ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿ, ಗುಡ್ಡದ ಬಂಡೆಗಳ ನಡುವೆ ನವಶಿಲಾಯುಗದ ಜನರ ವಸತಿಗಳನ್ನು ಬೆಳಕಿಗೆ ತಂದರು. ಆ ಯುಗದ ದಕ್ಷಿಣದ ನೆಲೆಗಳಲ್ಲಿ ಗೂಳಿಯ ಮಣ್ಣಿನ ಬೊಂಬೆಗಳು ದೊರೆತಿವೆ. ಬಳ್ಳಾರಿಯ ಬದಿಯ ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯುಳ್ಳ ಗೂಳಿಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಇಂದಿಗೂ ಜ್ಯೇಷ್ಠದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಈ ಭಾಗದ ಮನೆಮನೆಯಲ್ಲಿ ಜಿಗುಟಾದ ಎರೆಮಣ್ಣನ್ನು ಹದಮಾಡಿ, ಎರಡೆತ್ತು, ಅವುಗಳ ಮುಂದೊಂದು ಗೋದಲಿ ಮಾಡಿ, ಜಗುಲಿಯ ಮೇಲಿಟ್ಟು ಪೂಜಿಸಿ ನೈವೇದ್ಯ ಮಾಡುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಮಹಾನಂದಿಯೆದುರು ಕೈಮುಗಿದು ನಿಂತ ಒಕ್ಕಲಿಗನ ಬಾಯಲ್ಲಿ ಬರುವ ‘ಬಸವಣ್ಣ’ ಎಂಬ ಕರೆ, ಮನೆಯ ಕೊಟ್ಟಿಗೆಯಲ್ಲಿರುವವನಿಗೂ ಸಲ್ಲುವ ಕರೆಯೇ. ನಾಲ್ಕು ಸಾವಿರ ವರ್ಷಗಳ ಹಿಂದಿನ ಬೊಂಬೆಯಿಂದ ಇಂದಿನ ಮಣ್ಣೆತ್ತಿನವರೆಗೆ ಒಂದೇ ಎಳೆ ಕಡಿಯದೆ ಬಂದಿದೆಯೆಂದು ಸಾಧಿಸುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಆದರೆ ಅದೇ ನೆಲ, ಅದೇ ಮಣ್ಣು, ಅದೇ ಪ್ರಾಣಿ, ಅದರ ಮುಂದೆ ಅದೇ ಕೃತಜ್ಞತೆ.

ದಿಬ್ಬದ ಬೂದಿಯನ್ನು ಗೊಬ್ಬರವೆಂದು ಹೊಲಗಳಿಗೆ ಹೇರಿದ್ದರಿಂದ ಎಷ್ಟೋ ಬೂದಿದಿಬ್ಬಗಳು ಕರಗಿಹೋಗಿವೆ. ಕಪ್ಪಗಲ್ಲಿನ ಚಿತ್ರಗಳನ್ನು ಕಲ್ಲುಗಣಿಯ ಸಿಡಿಮದ್ದು ಸಮೀಪಿಸಿದ್ದೂ ಉಂಟು. ದಿಬ್ಬ ಹೋದರೆ ವಿದ್ವಾಂಸನಿಗೆ ಸಾಕ್ಷ್ಯವಿಲ್ಲ, ಕಥೆಗೆ ಕಾಲೂರಲು ಸ್ಥಳವಿಲ್ಲ. ಆದುದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆಮೇಲೆ ದಿಬ್ಬದ ಬಳಿಗೂ ಕರೆದೊಯ್ಯಿರಿ. ದೊಡ್ಡಿಯ ಸಂಗತಿಯನ್ನೂ ಗೊರಸಿನ ಗುರುತನ್ನೂ ತಿಳಿಸಿರಿ. ಹಿಡಿಂಬನ ಕಥೆಯನ್ನೂ ಹೇಳಿರಿ. ಹೇಳುವಾಗ ಅವನ ತಂಗಿಯ ಮದುವೆಯನ್ನೂ ಅಳಿಯನ ಬಲಿದಾನವನ್ನೂ ಮಾತ್ರ ಬಿಡಬೇಡಿರಿ.