ಒಂಟೆಯ ತಪ್ಪೇನು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಗಾದೆಯನ್ನು ಮಕ್ಕಳಿಗೆ ವಿವರಿಸುವಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಒಂಟೆಗಳು ನೆನಪಾಗುತ್ತವೆ. 1860ರಲ್ಲಿ ಬರ್ಕ್ ಮತ್ತು ವಿಲ್ಸರ ಶೋಧಯಾತ್ರೆಗೆಂದು ಕರಾಚಿಯಿಂದ 24 ಒಂಟೆಗಳನ್ನು ಹಡಗಿನಲ್ಲಿ ಒಯ್ದರು, ಆಮೇಲೆ ಸಾವಿರಾರು. ಮರುಭೂಮಿಯ ಹೊರೆಯನ್ನೆಲ್ಲ ಅವೇ ಹೊತ್ತವು. 1920ರ ದಶಕದಲ್ಲಿ ಲಾರಿಗಳು ಬಂದ ಮೇಲೆ ಅವನ್ನು ಬಯಲಿಗೆ ಬಿಟ್ಟರು. ಅವು ಲಕ್ಷಗಟ್ಟಲೆಯಾದವು. ಬರಗಾಲದಲ್ಲಿ ನೀರಿನ ಹೊಂಡಗಳಿಗೆ ಮುಗಿಬಿದ್ದು ಕೆಡಿಸಿದವು. ಆದಿವಾಸಿಗಳಿಗೆ ಪವಿತ್ರವಾದ ಆ ನೀರೇ ಅಲ್ಲಿನ ಪ್ರಾಣಿಪಕ್ಷಿಗಳ ಜೀವ. 2009ರಿಂದ 2013ರವರೆಗೆ ಸುಮಾರು 1,60,000 ಒಂಟೆಗಳನ್ನು ತೆಗೆದರು. ಬಹುಪಾಲನ್ನು ಗುಂಡಿಟ್ಟು ಕೊಂದರು.

ಕೊಲ್ಲುವುದು ಪಾಪ ಎಂದುಬಿಡುವುದು ಸುಲಭ. ಆದರೆ ಸುಮ್ಮನಿದ್ದರೂ ಸಾವು ತಪ್ಪದು. ಆಗ ಸಾಯುವವು ನಮ್ಮ ಕಣ್ಣಿಗೆ ಬೀಳದ ಪುಟ್ಟ ಜೀವಗಳು. ಹೊಂಡ ಉಳಿಯಲಿ ಎಂದೇ ನಾನೂ ಹೇಳುವೆ. ಒಂಟೆಯನ್ನು ಮಾತ್ರ ಪೀಡೆ ಎನ್ನಲಾರೆ. ಗುಂಡು ಅನಿವಾರ್ಯವಾದರೂ ಅದರ ಪಾಪ ತಂದುಬಿಟ್ಟ ಮನುಷ್ಯನ ಲೆಕ್ಕಕ್ಕೇ ಸೇರಬೇಕು.