ಹುಟ್ಟಿನಿಂದ ಬಾರದ ಸರದಿ

ವಿಜಯಪುರದ ಹೊಸ ಬಡಾವಣೆಗಳಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಡಿಪಾಜಿಟ್ಟಿನ ಮಾತಿಗಿಂತ ಮೊದಲು ಎದುರಾಗುವುದು ‘ಅಡ್ಡಹೆಸರು ಏನ್ರಿ?’ ಎಂಬ ಪ್ರಶ್ನೆ. ಈ ಸೀಮೆಯಲ್ಲಿ ಅಡ್ಡಹೆಸರು ಹೇಳಿದರೂ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಇನಾಮದಾರ, ಜಮಾದಾರ ಎಂಬ ಹೆಸರುಗಳೂ ಒಂದೇ ಧರ್ಮಕ್ಕೆ ಅಂಟಿಕೊಂಡಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆ ಬರುತ್ತದೆ: ‘ಅಂದ್ರ, ನೀವು ಯಾರ ಪೈಕಿ?’ ಉತ್ತರ ಹಿಡಿಸದಿದ್ದರೆ, ಖಾಲಿ ಬಿದ್ದ ಮನೆಯೂ ‘ನಿನ್ನೇನ ಕೊಟ್ಟೀವ್ರಿ’ ಆಗಿಬಿಡುತ್ತದೆ.

ನಗರ ಈಗ ತಿಕೋಟಾ, ಬಬಲೇಶ್ವರಗಳ ದಿಕ್ಕಿಗೂ ಕೈಚಾಚುತ್ತಿದೆ. ಜೋಳ ಬಿತ್ತುತ್ತಿದ್ದ ಹೊಲಗಳು ಎನ್‌ಎ (ಕೃಷಿಯೇತರ) ಆಗಿ ಪ್ಲಾಟುಗಳಾಗಿವೆ. ಅಲ್ಲಿ ದ್ರಾಕ್ಷಿಯಿಂದ ಕೈಗೆ ದುಡ್ಡು ಕಂಡ ರೈತರು ಮನೆ ಕಟ್ಟುತ್ತಾರೆ. ತಾಂಡಾದಲ್ಲಿ ಹುಟ್ಟಿ ಓದಿ ಮಾಸ್ತರಿಕೆ ಹಿಡಿದ ಲಂಬಾಣಿಗರು, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು, ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಮುಸ್ಲಿಂ ಕುಟುಂಬಗಳು, ದಲಿತ ನೌಕರರು, ಮನೆಯಲ್ಲಿ ಮರಾಠಿ ಆಡುವವರು, ಮಾರವಾಡಿ ವ್ಯಾಪಾರಿಗಳು ಎಲ್ಲರೂ ಬರುತ್ತಾರೆ. ಇಷ್ಟು ಬಗೆಯ ಜನ ಅಕ್ಕಪಕ್ಕ ಇದ್ದಾರೆ. ಆದರೆ ಅಕ್ಕಪಕ್ಕ ಇದ್ದವರು ಒಬ್ಬರಿಗೊಬ್ಬರು ಆಗುವುದು ಹೇಗೆ?

ಈ ಪ್ರಶ್ನೆಗೆ ನಮ್ಮೂರಲ್ಲಿ ಒಂದು ಸಿದ್ಧ ಉತ್ತರವಿದೆ: ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿ, ಗಣಪತಿಯರನ್ನೂ ಸೂಫಿ ಸಂತ ಗೇಸುದರಾಜರನ್ನೂ ನೆನೆದ ಸುಲ್ತಾನ, ಜನ ಜಗದ್ಗುರು ಎಂದು ಕರೆದ ಅರಸ. 1599ರಲ್ಲಿ ತೊರವಿಯ ಬಳಿ ನವರಸಪುರ ಕಟ್ಟಲು ಹೊರಟ. ಸೌಹಾರ್ದದ ಸಭೆ ಎಲ್ಲಿ ನಡೆದರೂ ಅವನ ಹೆಸರು ಬರುತ್ತದೆ. ನನಗೂ ಅವನ ಬಗ್ಗೆ ಹೆಮ್ಮೆಯಿದೆ. ಆದರೂ ಒಬ್ಬ ಅರಸನ ಅಭಿರುಚಿ ನೆರೆಹೊರೆಯನ್ನು ಬೆಸೆಯಲಾರದು. ನವರಸಪುರವನ್ನು 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಹಾಳುಗೆಡವಿದ. ಮೇಲಿನಿಂದ ಬಂದ ಊರು ಮತ್ತೆ ಎದ್ದು ನಿಲ್ಲಲಿಲ್ಲ.

ಇನ್ನು ಕೆಲವರು ಮೊಹರಂ ಕಡೆ ಬೆರಳು ತೋರಿಸುತ್ತಾರೆ. ಇದು ಗಟ್ಟಿ ಉತ್ತರ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅಲಾಯಿ ದೇವರ ಹಬ್ಬ ಹಿಂದೂಗಳಿಲ್ಲದೆ ಸಾಗುವುದಿಲ್ಲ. ಕುಣಿ ತೋಡುವವರು, ಕಟ್ಟಿಗೆ ತರುವವರು, ಹೆಜ್ಜೆ ಹಾಕುವವರು, ರಿವಾಯತ ಹಾಡುವವರು ಹೀಗೆ ಒಂದೊಂದು ಮನೆತನಕ್ಕೆ ಒಂದೊಂದು ಸರದಿ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಲ್ಲೂ ಪಂಜಾ ಕೂಡ್ರಿಸುವುದುಂಟು. ಆದರೆ ಬಬಲೇಶ್ವರದ ಕಡೆಯ ಯಾವುದೋ ಹಳ್ಳಿಯಲ್ಲಿ ದೇವರ ಮುಂದೆ ಹೆಜ್ಜೆ ಹಾಕುವ ಯುವಕ ನಗರದ ಬಡಾವಣೆಗೆ ಬಂದಾಗ ಅವನ ಸರದಿ ಹಳ್ಳಿಯಲ್ಲೇ ಉಳಿದುಬಿಡುತ್ತದೆ. ಹಬ್ಬಕ್ಕೆ ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ, ಮರಳಿ ಬಂದು ಗೇಟು ಹಾಕಿಕೊಳ್ಳುತ್ತಾನೆ. ಪಕ್ಕದ ಮನೆಯವರಿಗೆ ಅವನಿಂದ ಏನೂ ಬೇಕಾಗಿಲ್ಲ, ಅವನಿಗೂ ಅವರಿಂದ ಬೇಕಾಗಿಲ್ಲ. ಹೊಸ ಬಡಾವಣೆಯ ಕಾಯಿಲೆ ದ್ವೇಷಕ್ಕಿಂತ ಮೊದಲು ಇದು: ಅಲ್ಲಿ ಯಾರಿಗೂ ಸರದಿಯಿಲ್ಲ.

ಹಾಗಾದರೆ ಹಳ್ಳಿಯ ಸರದಿಯನ್ನೇ ಎತ್ತಿ ತರೋಣವೇ? ಖಂಡಿತ ಬೇಡ. ಅದು ಹುಟ್ಟಿನಿಂದ ಬಂದದ್ದು. ಹಲಗೆ ಬಾರಿಸುವವರೂ ಸತ್ತ ದನ ಎಳೆಯುವವರೂ ಊರಿಗೆ ಬೇಕಾಗಿದ್ದರು. ಬಾವಿಯ ಮೆಟ್ಟಿಲಿಗೆ ಮಾತ್ರ ಬೇಡವಾಗಿದ್ದರು. ಒಬ್ಬರಿಗೊಬ್ಬರು ಬೇಕಾಗುವುದರಿಂದಲೇ ಬಾಂಧವ್ಯ ಹುಟ್ಟುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಬಿಡಿಸಲು ಬಾರದು ಎಂದು ವಾದಿಸಿದ್ದು ಇದೇ ಕಾರಣಕ್ಕೆ. ಸಮಾನತೆಯಿಲ್ಲದ ಬಂಧುತ್ವ ಮೇಲಿನವರಿಗಷ್ಟೇ ಹಿತ.

ತಿಕೋಟಾ ಭಾಗದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಬೇಸಿಗೆ ಹತ್ತಿರವಾದಂತೆ ಕೊಯ್ದ ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಹರವುತ್ತಾರೆ. ಒಣಗಿದ ಮೇಲೆ ಬಲೆ ಜಾಡಿಸಿ, ಕಡ್ಡಿ ತೆಗೆದು, ಬಣ್ಣ ಗಾತ್ರ ನೋಡಿ ಆರಿಸಬೇಕು. ಆರಿಸುವಾಗ ಲಂಬಾಣಿ ಹೆಂಗಸರು, ಮುಸ್ಲಿಂ ಹೆಂಗಸರು, ದಲಿತ ಕೇರಿಯವರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿರುತ್ತಾರೆ. ‘ಅಕ್ಕಾ, ಈ ಕಡಿ ಸರೀ’ ಎನ್ನುತ್ತಾ, ಮಕ್ಕಳ ಜ್ವರದ ಮಾತಾಡುತ್ತಾ ಕೈ ಓಡಿಸುತ್ತಾರೆ. ಸಂಜೆ ಟಂಟಂ ಹತ್ತಿದರೆ ಒಬ್ಬರು ತಾಂಡಾಕ್ಕೆ, ಒಬ್ಬರು ಗಲ್ಲಿಗೆ, ಒಬ್ಬರು ಕೇರಿಗೆ. ಕೂಲಿ ಎಷ್ಟು ಎಂದು ಗೊತ್ತುಮಾಡುವ ಮಾತುಕತೆಯಲ್ಲಿ ಇವರು ಯಾರೂ ಇಲ್ಲ. ಅವರ ನಡುವಿನ ಅಕ್ಕರೆ ನಿಜವಾದದ್ದು. ಅದಕ್ಕೆ ಅಧಿಕಾರವಿಲ್ಲ, ಅದರಿಂದಲೇ ಅದು ಶೆಡ್ಡಿನ ಬಾಗಿಲು ದಾಟುವುದಿಲ್ಲ.

ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರು ಹಿಂದೂ-ಮುಸ್ಲಿಂ ಗಲಭೆಯಾಗುವ ಊರು, ಆಗದ ಊರುಗಳನ್ನು ಜೋಡಿ ಮಾಡಿ ಅಧ್ಯಯನ ನಡೆಸಿದರು; 2002ರಲ್ಲಿ ಅದು ಪುಸ್ತಕವಾಯಿತು. ಅಲಿಗಢಕ್ಕೆ ಜೋಡಿ ಕಲ್ಲಿಕೋಟೆ. ಅವರು ಕಂಡುಕೊಂಡದ್ದು ನಮಗೆ ನೇರವಾಗಿ ತಟ್ಟುತ್ತದೆ: ಹಳ್ಳಿಯಲ್ಲಿ ನಿತ್ಯದ ಒಡನಾಟವೇ ಶಾಂತಿಗೆ ಸಾಕಾಗಬಹುದು, ನಗರದಲ್ಲಿ ಸಾಕಾಗದು. ಅಲ್ಲಿ ಎರಡೂ ಕಡೆಯವರು ಸದಸ್ಯರಾಗಿರುವ ಸಂಘಗಳು ಬೇಕು: ವ್ಯಾಪಾರಿಗಳದು, ಕಾರ್ಮಿಕರದು, ಓದುಗರದು. ವದಂತಿ ಹಬ್ಬಿದ ರಾತ್ರಿ ಫೋನು ಮಾಡಲು ಒಂದು ಹೆಸರು, ಕೂಡಿ ಬೀದಿಗಿಳಿಯಲು ಒಂದು ಕಾರಣ ಇರುವುದು ಅಂಥ ಸಂಘವಿದ್ದಲ್ಲಿ. ಹಳ್ಳಿ ನಗರವಾಗುತ್ತಿರುವ ನಮ್ಮ ಬಡಾವಣೆಗಳಲ್ಲಿ ಹಳೆಯ ಒಡನಾಟ ಹೋಗಿದೆ, ಹೊಸ ಸಂಘ ಬಂದಿಲ್ಲ. ಬಂದವೂ ಬಹುಪಾಲು ಒಂದೊಂದು ಸಮಾಜದ ಹೆಸರಿನವು.

ಆದ್ದರಿಂದ ನನ್ನ ವಾದ ಇಷ್ಟು: ಬಡಾವಣೆಗೆ ಬೇಕಾಗಿರುವುದು ಹುಟ್ಟಿನಿಂದ ಬಾರದ ಸರದಿ. ನಳ ಬರುವ ದಿನ ಯಾವ ಓಣಿಗೆ ಮೊದಲು ನೀರು ಎಂಬ ಜಗಳ ಬಗೆಹರಿಸುವ ಸಮಿತಿಯಲ್ಲಿ ಪ್ರತಿ ಓಣಿಯಿಂದ ಒಬ್ಬರು, ವರ್ಷಕ್ಕೊಮ್ಮೆ ಬದಲಾಗುತ್ತಾ. ಕೊಳವೆಬಾವಿಯ ಮೋಟಾರು ಸುಟ್ಟರೆ ಚಂದಾ ಎತ್ತುವುದು ಈ ವರ್ಷ ನದಾಫರ ಮನೆಯವರು, ಬರುವ ವರ್ಷ ರಾಠೋಡರ ಮನೆಯವರು, ಆಮೇಲೆ ಬಿರಾದಾರರು. ಹಣದ ಲೆಕ್ಕ ಒಪ್ಪಿಸಿದವರ ಮೇಲೆ ಹುಟ್ಟುವ ನಂಬಿಕೆ ಭಾಷಣ ಕೇಳಿ ಹುಟ್ಟುವುದಿಲ್ಲ.

ಇದರಿಂದ ಬಾಡಿಗೆ ಮನೆಯ ಬಾಗಿಲು ತೆರೆಯುತ್ತದೆಯೇ ಎಂದು ಕೇಳಬಹುದು. ಕಾನೂನು ಇಲ್ಲಿ ನಮ್ಮ ಕೈಹಿಡಿಯುವುದು ಕಡಿಮೆ. ಸಂವಿಧಾನದ 15(2)ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ, ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಒಂದೇ ಸಮುದಾಯಕ್ಕೆ ಸದಸ್ಯತ್ವ ಮೀಸಲಿಟ್ಟ ಗೃಹ ಸಹಕಾರ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಈ ಕಾನೂನು ಬದಲಾಗಲೇಬೇಕು ಎಂದು ನಾನು ನಂಬುತ್ತೇನೆ. ಅಲ್ಲಿಯವರೆಗೆ ಮಾಲಕರ ಮನಸ್ಸನ್ನು ತಿರುಗಿಸಬಲ್ಲವರು ಪಕ್ಕದ ಓಣಿಯಲ್ಲಿ ಅವರ ಜೊತೆ ನೀರಿನ ಲೆಕ್ಕ ಬರೆದವರು: ‘ನಾ ಅವರನ್ನ ಬಲ್ಲೆ, ಕೊಡ್ರಿ ಮನಿ’ ಎನ್ನಬಲ್ಲವರು.

ಇಂಥ ಸರದಿ ಹುಟ್ಟಿಸಲು ಮೊದಲು ಕೈಹಾಕಬೇಕಾದ ಜಾಗ ಶಾಲೆ. ಕನ್ನಡ ಮಾಧ್ಯಮ, ಉರ್ದು ಮಾಧ್ಯಮ, ಸ್ಥಿತಿವಂತರಿಗೆ ಇಂಗ್ಲಿಷ್ ಮಾಧ್ಯಮ ಎಂದು ನಮ್ಮ ಮಕ್ಕಳು ಆರನೆಯ ವಯಸ್ಸಿಗೇ ಬೇರೆಯಾಗುತ್ತಾರೆ. ಮನೆಮಾತಿನಲ್ಲಿ ಕಲಿಯುವ ಹಕ್ಕು ದೊಡ್ಡದು, ಅದನ್ನು ಕಸಿಯಬಾರದು. ಆದರೆ ಒಂದೇ ಬಡಾವಣೆಯ ಕನ್ನಡ ಶಾಲೆ, ಉರ್ದು ಶಾಲೆಗಳಿಗೆ ಆಟದ ಬಯಲು, ಗ್ರಂಥಾಲಯ, ವಿಜ್ಞಾನದ ಪ್ರಯೋಗದ ಕೋಣೆ ಒಂದೇ ಆಗಿರಲು ಯಾವ ಹಕ್ಕೂ ಅಡ್ಡಬರುವುದಿಲ್ಲ. ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ತಿಂಗಳಿಗೊಮ್ಮೆ ಕೂಡಿ ಕೂತು ಬಿಸಿಯೂಟದ ನೀರಿನಿಂದ ಹಿಡಿದು ಕಾಂಪೌಂಡಿನವರೆಗೆ ಮಾತಾಡಲು ಸರಕಾರದ ಹೊಸ ಯೋಜನೆಯೂ ಬೇಕಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಎರಡು ಶಾಲೆಗಳ ಅಧ್ಯಕ್ಷರು ಒಂದು ಮೇಜಿನ ಸುತ್ತ ಕೂತರೆ ಕೆಲಸ ಶುರುವಾಗುತ್ತದೆ.