ಬೆಳ್ಳಿಯೂ ಧೂಳೂ

ಫಿಲ್ಮ್ ಸ್ಕ್ಯಾನರುಗಳಲ್ಲಿ ಧೂಳು ಅಳಿಸುವ ಒಂದು ಸೌಲಭ್ಯವಿರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಗೆಟಿವ್ ಮೂಲಕ ಹಾಯಿಸುತ್ತಾರೆ. ಕಲರ್ ಫಿಲ್ಮಿನ ಚಿತ್ರ ಬರೀ ಬಣ್ಣದ್ದು. ಆ ಬಣ್ಣಗಳು ಇನ್‌ಫ್ರಾರೆಡ್ಡನ್ನು ತಡೆಯುವುದಿಲ್ಲ. ಹಾಗಾಗಿ ಎಲ್ಲಿ ಬೆಳಕು ತಡೆಯಿತೋ ಅಲ್ಲಿ ಧೂಳಿದೆ, ಇಲ್ಲವೇ ಗೀರು ಇದೆ ಎಂದು ಯಂತ್ರ ತಿಳಿದು, ಆ ಜಾಗವನ್ನು ಸುತ್ತಮುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಹಳೆಯ ಕಪ್ಪು ಬಿಳುಪು ಫಿಲ್ಮಿಗೆ ಇದು ನಡೆಯುವುದಿಲ್ಲ. ಅಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯ ಕಣಗಳು ಇನ್‌ಫ್ರಾರೆಡ್ಡನ್ನೂ ತಡೆಯುತ್ತವೆ. ಯಂತ್ರದ ಲೆಕ್ಕದಲ್ಲಿ ಮದುಮಗನ ಹಣೆಯ ಬಾಸಿಂಗವೂ ಅದರ ಮೇಲೆ ಕೂತ ಹತ್ತಿಯ ಎಳೆಯೂ ಒಂದೇ. ಬಿಟ್ಟರೆ ಎರಡನ್ನೂ ಗುಡಿಸಿಹಾಕಲು ಹೊರಡುತ್ತದೆ. ಆದ್ದರಿಂದ ಗುಡಿಸುವ ಕೆಲಸ ಮನುಷ್ಯನೇ ಮಾಡಬೇಕು. ಯಾವುದು ಕಸ, ಯಾವುದು ಚಿತ್ರ ಎಂದು ಚೌಕ ಚೌಕಕ್ಕೂ ಅವನೇ ತೀರ್ಮಾನಿಸಬೇಕು.

ನನಗೆ ಈ ಕೆಲಸ ಬಂದದ್ದು ದೊಡ್ಡಪ್ಪನಿಂದ. ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಊರಿನಲ್ಲಿ ಅವರ ಸ್ಟುಡಿಯೋ ಇತ್ತು. ಈಗ ಆ ಮಳಿಗೆಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಮನೆ ಪಾಲಾದಾಗ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಗಳು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದವು. ಒಳಗೆ 120 ಫಿಲ್ಮಿನ ನೆಗೆಟಿವುಗಳು. ಒಂದು ರೋಲಿಗೆ ಹನ್ನೆರಡು ಚೌಕ. ದೊಡ್ಡಪ್ಪ ಅವನ್ನು ಒಂದೊಂದಾಗಿ ಕತ್ತರಿಸಿ, ಬಟರ್ ಪೇಪರಿನ ಕವರಿಗೆ ಹಾಕಿ, ಮೇಲೆ ನಂಬರು ಬರೆದಿದ್ದಾರೆ. ಫಿಲ್ಮಿನ ಅಂಚಿನಲ್ಲಿ ಒಮ್ಮೆ ಪೂರ್ವ ಜರ್ಮನಿಯ ಓರ್ವೋ ಹೆಸರು, ಇನ್ನೊಮ್ಮೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು. ಆಮದಿನ ಮಾಲು ಸಿಕ್ಕಾಗ ಅದು, ಸಿಗದಾಗ ಇದು. ನಂಬರಿಗೆ ಹೆಸರು ಹೇಳುವ ರಿಜಿಸ್ಟರನ್ನು ಗೆದ್ದಲು ತಿಂದಿದೆ. ಹೀಗಾಗಿ ಒಂದು ಊರಿನ ಎರಡು ಮೂರು ತಲೆಮಾರಿನ ಮುಖಗಳು ನನ್ನ ಮೇಜಿನ ಮೇಲಿವೆ, ಹೆಸರು ಒಂದಕ್ಕೂ ಇಲ್ಲ.

ಡಬ್ಬಿ ತೆರೆದರೆ ಹುಳಿ ವಾಸನೆ. ಫಿಲ್ಮಿನ ತಳಪದರ ಸೆಲ್ಯುಲೋಸ್ ಅಸಿಟೇಟ್. ಸೆಖೆ ಮತ್ತು ತೇವ ಸೇರಿದರೆ ಅದು ಒಡೆದು ವಿನೆಗರಿನ ಆಮ್ಲ ಬಿಡುತ್ತದೆ, ಆ ಆಮ್ಲವೇ ಮುಂದಿನ ಒಡೆತವನ್ನು ಚುರುಕುಗೊಳಿಸುತ್ತದೆ, ಒಂದು ನೆಗೆಟಿವಿನಿಂದ ಪಕ್ಕದ್ದಕ್ಕೂ ದಾಟುತ್ತದೆ. ತಂಪಾಗಿ, ಒಣಗಿದಂತೆ ಇಟ್ಟರೆ ನಿಧಾನವಾದೀತು, ಹಿಂದಕ್ಕೆ ಬರುವುದಿಲ್ಲ. ಮಳೆಗಾಲದ ಬೂಷ್ಟು ಬೇರೆ. ಬೆಳ್ಳಿಯನ್ನು ಹಿಡಿದಿಟ್ಟಿರುವುದು ಜೆಲಟಿನ್, ಅಂದರೆ ಪ್ರಾಣಿಗಳ ಎಲುಬು ಚರ್ಮ ಬೇಯಿಸಿ ತೆಗೆದ ಅಂಟು. ಬೂಷ್ಟಿಗೆ ಅದು ಒಳ್ಳೆಯ ಊಟ. (ಈರುಳ್ಳಿಯನ್ನೂ ಒಳಗೆ ಬಿಡದ ಮಡಿಯ ಮನೆಗಳ ದೇವರ ಕೋಣೆಯಲ್ಲಿ ತೂಗುವ ಅಜ್ಜನ ಹಳೇ ಫೋಟೊ ಕೂಡ ನಿಂತಿರುವುದು ಇದೇ ಅಂಟಿನ ಮೇಲೆ. ಗೊತ್ತಿದ್ದವರು ಹೇಳಲಿಲ್ಲ, ಅಜ್ಜನೂ ಆಕ್ಷೇಪಿಸಲಿಲ್ಲ.) ಅವಸರ ಇರುವುದರಿಂದಲೇ ಸ್ಕ್ಯಾನ್ ಮಾಡುತ್ತಿರುವುದು. ಆದರೆ ಅವಸರದ ಕೆಲಸಕ್ಕೆ ಅಡ್ಡ ಬರುವಂಥವು ಒಂದೆರಡು ಚೌಕಗಳಲ್ಲಿ ಸಿಕ್ಕವು.

ಒಂದು ಚೌಕದಲ್ಲಿ ಕುರ್ಚಿಯ ಮೇಲೆ ಕೂತ ಹುಡುಗಿ. 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಚೌಕದ ಒಂದೊಂದು ಬದಿಯೂ ಐದು ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಆಗುತ್ತದೆ. ಅಷ್ಟು ಹಿಗ್ಗಿಸಿದಾಗ ಕಣ್ಣ ಕೆಳಗೆ, ಮೂಗಿನ ಪಕ್ಕ, ಗಲ್ಲದ ಮೇಲೆ ಅಲ್ಪವಿರಾಮದಂಥ ಸಣ್ಣ ಸಣ್ಣ ಗೀಟುಗಳು ಎದ್ದು ಕಂಡವು. ಪೆನ್ಸಿಲ್ ಕೆಲಸ. ನೆಗೆಟಿವಿನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಆದ್ದರಿಂದ ಹುಡುಗಿಯನ್ನು ಬೆಳ್ಳಗೆ ತೋರಿಸಬೇಕಾದರೆ ಅವಳ ಮುಖಕ್ಕೆ ಕಪ್ಪು ತುಂಬಬೇಕು. ಟರ್ಪೆಂಟೈನಿನಲ್ಲಿ ಕರಗಿಸಿದ ರಾಳವನ್ನು ಮೊದಲು ತೆಳ್ಳಗೆ ಸವರುತ್ತಿದ್ದರು, ಪೆನ್ಸಿಲ್ ಹಿಡಿಯಲಿ ಎಂದು. ಆಮೇಲೆ ಮರಳು ಕಾಗದದ ಮೇಲೆ ಸೂಜಿಯಷ್ಟು ಚೂಪು ಮಾಡಿದ ಗಟ್ಟಿ ಪೆನ್ಸಿಲ್. ಕೆಳಗಿನಿಂದ ಬೆಳಕು ಬರುವ ಓರೆ ಮೇಜಿನ ಮುಂದೆ ದೊಡ್ಡಪ್ಪ ಹೀಗೆ ಮುಖಗಳನ್ನು ತಿದ್ದುತ್ತ ಕೂತಿರುತ್ತಿದ್ದುದು ನನಗೆ ನೆನಪಿದೆ. ಆಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ಇರಬೇಕು. 'ಸ್ವಲ್ಪ ತಿಳಿಯಾಗಿ ಬರೋ ಹಾಗೆ ನೋಡಿ' ಎಂದು ಹುಡುಗಿಯ ಅಪ್ಪ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಹೇಳಿ ಹೋಗುತ್ತಿದ್ದ ಮಾತು ಅದು.

ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಸವರಿದರೆ ರಾಳವೂ ಪೆನ್ಸಿಲ್ಲೂ ಎದ್ದು ಬರುತ್ತವೆ. ಕೆಳಗಿರುವ ಬೆಳ್ಳಿಗೆ ಏನೂ ಆಗುವುದಿಲ್ಲ. ಅಂದರೆ ಆ ಹುಡುಗಿಗೆ ಅವಳ ಬಣ್ಣವನ್ನು ವಾಪಸು ಕೊಡುವ ಶಕ್ತಿ ನನ್ನ ಕೈಯಲ್ಲಿದೆ. ಕೊಡಬೇಕೆ? ಕೊಡಬೇಕು ಎಂದು ಇವತ್ತಿನ ಮನಸ್ಸು ಥಟ್ಟನೆ ಹೇಳುತ್ತದೆ. ಬಿಳಿ ಬಣ್ಣದ ಹುಚ್ಚಿಗೆ ಊರೇ ಬಲಿಯಾಗಿದ್ದ ಕಾಲದ ಸುಳ್ಳು ಅದು, ಒರೆಸಿ ಹಾಕು ಎನ್ನುತ್ತದೆ. ಆದರೆ ಆ ಸುಳ್ಳನ್ನು ಒರೆಸಿದರೆ ಅದು ಇತ್ತು ಎಂಬುದಕ್ಕೆ ಇರುವ ಸಾಕ್ಷಿಯೂ ಹೋಗುತ್ತದೆ. ಆ ಮನೆಯವರ ಅಂಜಿಕೆ, ಅಪ್ಪನ ತಗ್ಗಿದ ದನಿ, ದೊಡ್ಡಪ್ಪನ ಕಣ್ಣು ನೋವು, ಎಲ್ಲವೂ ಆ ಗೀಟುಗಳಲ್ಲಿವೆ. ಬೆಳ್ಳಿಯಲ್ಲಿರುವುದು ಕ್ಯಾಮೆರಾ ಬಾಗಿಲು ತೆರೆದು ಮುಚ್ಚಿದ ಒಂದು ಸೆಕೆಂಡಿನ ಚೂರು ಮಾತ್ರ.

ಫೋಟೊ ಕ್ಷಣವನ್ನು ಹಿಡಿದಿಡುತ್ತದೆ ಎಂಬ ಮಾತನ್ನು ನಾನೂ ನಂಬಿಕೊಂಡಿದ್ದೆ. ಈ ಡಬ್ಬಿಗಳಲ್ಲಿ ಅಂಥ ಕ್ಷಣಗಳು ಕಡಿಮೆ. ಒಂದು ಮದುವೆಯ ಗುಂಪು ಚಿತ್ರ ನೋಡಿ. ಮೂರು ಸಾಲು ಜನ, ಮುಂದೆ ಜಮಖಾನೆಯ ಮೇಲೆ ಮಕ್ಕಳು. ಸ್ಕ್ಯಾನ್ ಮಾಡಿ ತಿರುಗಿಸಿದರೆ ಮದುವೆಯೇ ಇಲ್ಲ. ಬಿಳಿ ಬಯಲಿನ ನಡುವೆ ಪೇಟ ಸುತ್ತಿದ ಒಬ್ಬ ಮುದುಕನ ತಲೆ ಮತ್ತು ಹೆಗಲು. ನೆಗೆಟಿವಿನ ಹೊಳೆಯುವ ಬೆನ್ನಿಗೆ ಅವನ ಸುತ್ತ ಕೆಂಪು ಬಣ್ಣ ಬಳಿದಿದ್ದಾರೆ. ಆ ಕೆಂಪು ಬಣ್ಣ ಬೆಳಕನ್ನು ಹಾಯಲು ಬಿಡುವುದಿಲ್ಲ, ಪ್ರಿಂಟಿನಲ್ಲಿ ಆ ಜಾಗ ಬಿಳಿಯಾಗಿ ಉಳಿಯುತ್ತದೆ. ಏನಾಗಿದೆ ಎಂದು ಊಹಿಸುವುದು ಕಷ್ಟವಲ್ಲ. ಮದುವೆಯಾದ ಎಷ್ಟೋ ದಿನದ ಮೇಲೆ ಮುದುಕ ತೀರಿಕೊಂಡ. ಬದುಕಿದ್ದಾಗ ಒಬ್ಬನೇ ಕೂತು ಫೋಟೊ ತೆಗೆಸಿಕೊಂಡವನಲ್ಲ. ಹನ್ನೊಂದರ ಕಾರ್ಯಕ್ಕೆ ಹಾರ ಹಾಕಲು ಒಂದು ಮುಖ ಬೇಕು. ಮಗ ಸ್ಟುಡಿಯೋಕ್ಕೆ ಬಂದು, ಆ ಮದುವೇಲಿ ಇದ್ರು ನೋಡಿ ಎಂದಿರಬೇಕು. ದೊಡ್ಡಪ್ಪ ನಂಬರು ಹುಡುಕಿ, ಕುಂಚ ಹಿಡಿದು, ಇಡೀ ಬಳಗವನ್ನು ಕೆಂಪಿನಲ್ಲಿ ಮುಚ್ಚಿ ಆ ಒಬ್ಬನನ್ನು ಹೊರಗೆ ತೆಗೆದರು.

ಈ ಬಣ್ಣ ನೀರಿಗೆ ಹೋಗುತ್ತದೆ. ಒದ್ದೆ ಹತ್ತಿ ಸಾಕು, ಮದುವೆ ಮರಳಿ ಬರುತ್ತದೆ. ಪೆನ್ಸಿಲನ್ನು ಉಳಿಸಬೇಕು ಎಂದು ವಾದಿಸಿದ ನಾನೇ ಇಲ್ಲಿ ಒರೆಸುವ ಕಡೆಗೆ ವಾಲುತ್ತೇನೆ. ಏಕೆಂದರೆ ಅದರಡಿಯಲ್ಲಿ ಮೂವತ್ತು ನಲವತ್ತು ಜನ ಇದ್ದಾರೆ. ಅವರಲ್ಲಿ ಎಷ್ಟೋ ಹೆಂಗಸರಿಗೆ, ಮಕ್ಕಳಿಗೆ ಇದಲ್ಲದೆ ಬೇರೆ ಫೋಟೊ ಇರಲಾರದು. ಒರೆಸುವ ಮುಂಚೆ ಎರಡು ಬಗೆಯಲ್ಲಿ ಸ್ಕ್ಯಾನ್ ಮಾಡಿದೆ: ಬೆಳಕು ಒಳಗಿಂದ ಹಾಯುವಂತೆ ಒಮ್ಮೆ, ಮೇಲಿನಿಂದ ಬೀಳುವಂತೆ ಒಮ್ಮೆ. ಎರಡನೆಯದರಲ್ಲಿ ಕುಂಚದ ಒಂದೊಂದು ಎಳೆತವೂ ಕಾಣುತ್ತದೆ. ಕಿವಿಯ ಅಂಚಿನಲ್ಲಿ ಕೈ ಎಷ್ಟು ನಿಧಾನವಾಗಿತ್ತು, ಮೂಲೆಗಳಲ್ಲಿ ಎಷ್ಟು ಬೀಸಾಗಿತ್ತು ಎಂಬುದು ಕೂಡ. ಆದರೂ ಒಂದು ಅನುಮಾನ ಉಳಿಯಿತು. ನೆಗೆಟಿವ್ ಆ ಮನೆಯ ಸಾವನ್ನು ಹೊತ್ತುಕೊಂಡಿತ್ತು. ಅದನ್ನು ಮತ್ತೆ ಬರೀ ಮದುವೆ ಮಾಡುವ ಹಕ್ಕು ನನಗೆ ಯಾರು ಕೊಟ್ಟರು?

ಹಕ್ಕಿನ ಮಾತಿಗೆ ಕಾನೂನಿನಲ್ಲಿ ಉತ್ತರ ಇದೆ, ಅದು ನಾನು ಎಣಿಸಿದಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು, ತೆಗೆದವನದ್ದಲ್ಲ. ನೆಗೆಟಿವ್ ಮಾತ್ರ ಸ್ಟುಡಿಯೋದಲ್ಲಿ ಉಳಿಯುವುದು ರೂಢಿ. ಹೀಗಾಗಿ ನನಗೆ ಬಂದ ಆಸ್ತಿ ವಿಚಿತ್ರವಾದದ್ದು: ಅಸಿಟೇಟ್ ನನ್ನದು, ಜೆಲಟಿನ್ ನನ್ನದು, ಬೆಳ್ಳಿ ನನ್ನದು, ಮುಖ ನನ್ನದಲ್ಲ. ಬೆಳ್ಳಿಗೆ ಬೆಲೆ ಇದೆ ಎಂಬುದು ಎಲ್ಲ ಸ್ಟುಡಿಯೋದವರಿಗೂ ಗೊತ್ತಿತ್ತು. ಫಿಲ್ಮ್ ಸಂಸ್ಕರಣೆಗೆ ಬಳಸಿದ ಹೈಪೋ ದ್ರಾವಣವನ್ನೂ ಹಳೆಯ ನೆಗೆಟಿವುಗಳನ್ನೂ ಕೊಂಡು ಬೆಳ್ಳಿ ಬಿಡಿಸುವವರು ಇದ್ದರು. ಎಷ್ಟೋ ಊರುಗಳ ಮುಖಗಳು ಹಾಗೆ ತೂಕಕ್ಕೆ ಹೋದವು. ಆ ಲೆಕ್ಕದಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ನಿಂತವರಿಗೆ ಬೆಲೆ ಹೆಚ್ಚು, ಬೆಳಕು ಹೆಚ್ಚು ಬಿದ್ದಲ್ಲಿ ಬೆಳ್ಳಿಯೂ ಹೆಚ್ಚು ನಿಲ್ಲುವುದರಿಂದ. ದೊಡ್ಡಪ್ಪ ಏಕೆ ಮಾರಲಿಲ್ಲವೋ. ತತ್ತ್ವಕ್ಕಿಂತ ಸೋಮಾರಿತನವೇ ಕಾರಣ ಎಂದು ದೊಡ್ಡಮ್ಮನ ನಂಬಿಕೆ.

ಸತ್ತವರ ನೆಗೆಟಿವುಗಳ ಮಾತು ಬಂದಾಗ ಎಲ್ಲರೂ ನೆನೆಯುವುದು ವಿವಿಯನ್ ಮೇಯರಳನ್ನು. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಆಕೆ ರೋಲಿಫ್ಲೆಕ್ಸ್ ಕೊರಳಿಗೆ ಹಾಕಿಕೊಂಡು, ಇದೇ 120 ಫಿಲ್ಮಿನಲ್ಲಿ, ಬೀದಿಯ ಜನರನ್ನು ಸೆರೆಹಿಡಿದಳು. ಬಾಡಿಗೆ ಕಟ್ಟದ ಉಗ್ರಾಣದಿಂದ 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಿಗೆ ಹೋದವು. 2009ರಲ್ಲಿ ಅವಳು ತೀರಿಕೊಂಡಳು. ಲಕ್ಷಕ್ಕೂ ಮೀರಿದ ನೆಗೆಟಿವುಗಳು, ಎಷ್ಟೋ ರೋಲುಗಳನ್ನು ಆಕೆ ಡೆವಲಪ್ ಕೂಡ ಮಾಡಿಸಿರಲಿಲ್ಲ. ಇಂದು ಜಗತ್ತು ಮೆಚ್ಚುವ ಮೇಯರ್ ಬೇರೆಯವರು ಆರಿಸಿದ ಮೇಯರ್. ಅಲ್ಲಿನ ಪ್ರಶ್ನೆ ಒಬ್ಬ ಕಲಾವಿದೆಯ ಇಚ್ಛೆ ಏನಿತ್ತು ಎಂಬುದು. ನನ್ನ ದೊಡ್ಡಪ್ಪನಿಗೆ ಅಂಥ ಇಚ್ಛೆ ಇರಲಿಲ್ಲ, ಗಿರಾಕಿಗಳಿಗೆ ಇತ್ತು. ನನಗೆ ಹತ್ತಿರ ಎನಿಸುವುದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರ ಕೆಲಸ. ತಮಿಳುನಾಡಿನ ಹಳೆಯ ಸ್ಟುಡಿಯೋಗಳ, ಮನೆಗಳ ಫೋಟೊಗಳನ್ನು ಅವರು ಡಿಜಿಟಲ್ ಮಾಡಿ ಕಾಪಿಟ್ಟಿದ್ದಾರೆ. ಅಲ್ಲಿ ಯಾರೂ ಮೇಧಾವಿಯಲ್ಲ. ಕೂತವರು ಕೂತಿದ್ದಾರೆ, ನಿಂತವರು ನಿಂತಿದ್ದಾರೆ, ಕೈಗಡಿಯಾರ ಕಾಣುವಂತೆ ತೋಳು ಮುಂದಿದೆ.

ಹಾಗೆ ನೋಡಿದರೆ ನಾನು ಸ್ಕ್ಯಾನ್ ಮಾಡುತ್ತಿರುವುದು ನೆನಪುಗಳನ್ನಲ್ಲ. ನೆನಪು ಇರುವುದು ಆ ಮನೆಗಳಲ್ಲಿ, ಇದ್ದರೆ. ನನ್ನ ಬಳಿ ಇರುವುದು ಬಾಕಿ ಉಳಿದ ಕೆಲಸ. ನೆಗೆಟಿವ್ ಇಟ್ಟುಕೊಳ್ಳುವುದೆಂದರೆ ಅದೇ: ಯಾರಾದರೂ ಮತ್ತೆ ಬಂದು ಕೇಳಿಯಾರು, ಆಗ ತೆಗೆದು ಕೊಡುತ್ತೇನೆ ಎಂಬ ಒಪ್ಪಿಗೆ. ಸ್ಟುಡಿಯೋ ಮುಚ್ಚಿದರೂ ಆ ಒಪ್ಪಿಗೆಯನ್ನು ಯಾರೂ ರದ್ದು ಮಾಡಿಲ್ಲ.

ಪೆನ್ಸಿಲ್ ಕೆನ್ನೆಯ ಹುಡುಗಿಯನ್ನು ದೊಡ್ಡಮ್ಮ ಗುರುತಿಸಿದರು. ಆ ಹುಡುಗಿ ಈಗ ಎಪ್ಪತ್ತು ದಾಟಿದ ಹೆಂಗಸು, ಅದೇ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಲ್ಯಾಪ್‌ಟಾಪ್ ಹಿಡಿದು ಹೋಗಿ, ಹಿಗ್ಗಿಸಿ, ಗೀಟುಗಳನ್ನು ತೋರಿಸಿದೆ. 'ಅಯ್ಯೋ, ಇಷ್ಟೆಲ್ಲ ಗೀಚಿದ್ರಾ ನಿಮ್ಮ ದೊಡ್ಡಪ್ಪ!' ಎಂದು ನಕ್ಕರು. ಒರೆಸಲೇ, ಬಿಡಲೇ ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಇರಲಿಲ್ಲ. 'ಅದೇನಾದ್ರೂ ಮಾಡ್ಕೋ ಮಾರಾಯ. ಅವತ್ತು ನನ್ನ ತಂಗಿನೂ ಜೊತೆಗೆ ಬಂದಿದ್ಲು, ಅವಳದ್ದೂ ಒಂದು ತೆಗೆದಿದ್ರು, ರೋಲಿನಲ್ಲಿ ಒಂದು ಉಳಿದಿದೆ ಅಂತ. ಅಪ್ಪ ಅದಕ್ಕೆ ದುಡ್ಡು ಕೊಡ್ಲಿಲ್ಲ, ಅವರೂ ಪ್ರಿಂಟ್ ಹಾಕ್ಲಿಲ್ಲ. ಆ ಮಳೆಗಾಲದಲ್ಲೇ ಅವಳು ಜ್ವರ ಬಂದು ಹೋದ್ಲು. ಅದು ಸಿಗ್ತದಾ ನೋಡು.'

ದುಡ್ಡು ಕೊಡದ ಚೌಕ. 17ನೇ ಕಲಮಿನ ಲೆಕ್ಕದಲ್ಲಿ ದೊಡ್ಡಪ್ಪನದ್ದೇ ಆಗುವ, ಹಾಗಾಗಿ ಅವರ ವಾರಸುದಾರರಿಗೆ ಬರುವ, ಅಪರೂಪದ ಚಿತ್ರ ಅದು. ಅದನ್ನೇ ಹುಡುಕಿ ಇನ್ನೊಬ್ಬರಿಗೆ ಕೊಡಬೇಕಾಗಿದೆ. ಅಕ್ಕಪಕ್ಕದ ನಂಬರಿನ ಕವರುಗಳಲ್ಲಿ ಸಿಗಲಿಲ್ಲ. ಗಿರಾಕಿ ಇಲ್ಲದ ಚೌಕಗಳಿಗೆ ದೊಡ್ಡಪ್ಪ ನಂಬರು ಹಾಕುತ್ತಿರಲಿಲ್ಲ. ಅಂಥವು ಕವರೂ ಇಲ್ಲದೆ ಒಂದಕ್ಕೊಂದು ಅಂಟಿಕೊಂಡು ಬೇರೆ ಡಬ್ಬಿಯಲ್ಲಿವೆ. ಕೈ ಅಲುಗಿದ್ದು, ಕಣ್ಣು ಮುಚ್ಚಿದ್ದು, ರೋಲ್ ಮುಗಿಸಲು ತೆಗೆದದ್ದು ಎಂದು ನಾನು ಅದನ್ನು ಕಡೆಗೆ ಇಟ್ಟಿದ್ದೆ. ಈಗ ಮೊದಲು ಅದನ್ನೇ ಬಿಡಿಸುತ್ತಿದ್ದೇನೆ. ಅಕ್ಕನ ಚೌಕದಲ್ಲಿ ಹಿಂದಿನ ಬಣ್ಣದ ಪರದೆಯ ಎಡ ಮೂಲೆ ಹರಿದಿದೆ. ಪರದೆ ಹಾಗೆ ಹರಿದಿರುವ ಚೌಕಗಳನ್ನೆಲ್ಲ, ಮುಖ ಯಾರದ್ದೇ ಇರಲಿ, ಒಂದು ಕಡೆ ಜೋಡಿಸುತ್ತಿದ್ದೇನೆ.